ಆಷಾಢದ ಬಸುರಿಗೆ ಬಿಸಿಲು ಎಲ್ಲಿಂದ?

ಜುಲೈ ತಿಂಗಳಲ್ಲಿ ಅಂಕೋಲೆಯಲ್ಲಿ ಹಾಸಿದ ಬಟ್ಟೆಯೇ ಒಣಗುವುದಿಲ್ಲ. ನನಗಾಗ ಆರು ತಿಂಗಳು. ಸೊಂಟ, ಬೆನ್ನು ಎಲ್ಲ ನೋವು. ಬಸುರಿಗೆ ಇದ್ದದ್ದೇ ಅಂತ ಸುಮ್ನಿದ್ದೆ. ಡಾಕ್ಟರು ರಕ್ತ ನೋಡಿಸಿದರು. ವಿಟಮಿನ್ ಡಿ 12 ಬಂತು, 20ಕ್ಕಿಂತ ಕೆಳಗಿದ್ದರೆ ಕೊರತೆ. 75 ಗ್ರಾಂ ಗ್ಲೂಕೋಸ್ ನೀರು ಕುಡಿದು ಎರಡು ಗಂಟೆಗೆ ನೋಡಿದರೆ ಸಕ್ಕರೆ 156. ಬಸುರಿಯರಿಗೆ 140 ಮುಟ್ಟಿದರೇ ಸಕ್ಕರೆ ಕಾಯಿಲೆ ಅಂತ ಲೆಕ್ಕ.

"ಮೀನು ತಿಂದ ಮೈಗೆ ಎಂಥ ಕೊರತೆ?" ಅಂದರು ಅತ್ತೆ. ಮಾತು ಅರ್ಧ ಸರಿ. ಬಂಗಡೆ, ತಾರ್ಲೆಯಲ್ಲಿ ವಿಟಮಿನ್ ಡಿ ಇದೆ. ಆದರೆ ಜೂನ್, ಜುಲೈ ಪೂರ್ತಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಬಿಸಿಲು ಹೋದಾಗಲೇ ಮೀನೂ ಹೋಗುತ್ತದೆ. ನಾನು ಟೀಚರ್ ಬೇರೆ. ಚರ್ಮ ವಿಟಮಿನ್ ಡಿ ಮಾಡಿಕೊಳ್ಳುವುದು ಸೂರ್ಯ ಮೇಲಿರುವ ಹೊತ್ತಿನಲ್ಲಿ, ಆಗ ನಾನು ಬೇಸಿಗೆಯಲ್ಲೂ ಕ್ಲಾಸಿನೊಳಗೆ. ಗಾಜಿನ ಕಿಟಕಿಯ ಬಿಸಿಲು ಇದಕ್ಕೆ ಆಗುವುದಿಲ್ಲ.

60,000 ಯೂನಿಟ್ಟಿನ ಪುಡಿ, ವಾರಕ್ಕೊಂದು, ಹಾಲಿನಲ್ಲಿ. ಎಡವಟ್ಟು ಮಾಡಿಕೊಂಡದ್ದು ಇಲ್ಲೇ. ದಿನಕ್ಕೊಂದು ಅಂದುಕೊಂಡು ಮೂರು ದಿನ ಸತತ ಕುಡಿದೆ. ಖಾಲಿ ಪೊಟ್ಟಣ ನೋಡಿ ಗಂಡ ಗಾಬರಿಯಾದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆಯಾ ಅಂತ ಡಾಕ್ಟರು ನೋಡಿಸಿದರು, ಪುಣ್ಯಕ್ಕೆ ಸರಿ ಇತ್ತು. ಈ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗುವ ಜಾತಿಯಲ್ಲ, ಮೈಯ ಕೊಬ್ಬಿನಲ್ಲೇ ಕೂರುತ್ತದೆ ಅಂತ ಬೈದರು. ಮತ್ತೆ ಶುರು ಮಾಡಲು ಹೇಳಿದ ಮೇಲೆ ಪ್ರತಿ ಪೊಟ್ಟಣದ ಮೇಲೂ ತಾರೀಖು ಬರೆದಿಟ್ಟೆ.

ಡಿ ಏರಿದರೆ ಸಕ್ಕರೆ ತಾನೇ ಇಳಿದೀತು ಅಂತ ನನ್ನ ಎಣಿಕೆ. ಡಿ ಕಡಿಮೆ ಇರುವ ಬಸುರಿಯರಲ್ಲಿ ಸಕ್ಕರೆ ಜಾಸ್ತಿ ಕಾಣುತ್ತದಂತೆ, ನಿಜ. ಹಾಗಂತ ಪುಡಿಯೇ ಸಕ್ಕರೆಗೆ ಔಷಧಿ ಆಗುವುದಿಲ್ಲ ಅಲ್ವಾ? ಮೀಟರ್ ತಂದು ಬೆರಳು ಚುಚ್ಚಿಕೊಂಡಾಗ ಗೊತ್ತಾಯಿತು. ತಿಂದ ಎರಡು ಗಂಟೆಗೆ 120ರೊಳಗೆ ಇರಬೇಕು. ನಾಲ್ಕು ದೋಸೆ, ಬೆಲ್ಲ-ಕಾಯಿ ತಿಂದ ದಿನ 148. ಎರಡು ದೋಸೆ, ಎರಡು ಮೊಟ್ಟೆ, ಹೆಸರುಕಾಳಿನ ಪಲ್ಯ ತಿಂದ ದಿನ 114. ಕುಚ್ಚಲಕ್ಕಿ ಒಳ್ಳೆಯದು ಅಂತ ಮಧ್ಯಾಹ್ನ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದೆ. ಕೆಂಪಗಿದ್ದರೂ ಅದು ಅಕ್ಕಿಯೇ! ಒಂದು ಬಟ್ಟಲಿಗೆ ನಿಲ್ಲಿಸಿದೆ. ಉಂಡು ಮಲಗುವುದನ್ನು ಬಿಟ್ಟು ಜಗಲಿಯಲ್ಲೇ ಹದಿನೈದು ನಿಮಿಷ ನಡೆದೆ. ಅತ್ತೆ ಸುತ್ತು ಎಣಿಸುವವರು. "ನಲವತ್ತಾಯ್ತು, ಕೂತ್ಕೊ ಮಾರಾಯ್ತಿ."

ನನಗೆ ಇನ್ಸುಲಿನ್ ಬೇಕಾಗಲಿಲ್ಲ. ನಾದಿನಿಗೆ ಇಷ್ಟೇ ಪಥ್ಯ ಮಾಡಿದರೂ ಬೇಕಾಗಿತ್ತು, ಅದು ಅವಳ ತಪ್ಪಲ್ಲ. ಇನ್ನೊಂದು ಮಾತು, ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ. ನಾನು ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ತೆಗೆದುಕೊಳ್ಳುತ್ತಿದ್ದೆ.

ಅಕ್ಟೋಬರಿನಲ್ಲಿ ಮಗಳು ಹುಟ್ಟಿದಳು. ಆರು ವಾರ ಬಿಟ್ಟು ಮತ್ತೆ ಅದೇ ಗ್ಲೂಕೋಸ್ ನೀರು ಕುಡಿದೆ, ಸಕ್ಕರೆ 118. ಡಿ 31ಕ್ಕೆ ಬಂದಿತ್ತು. ತಾಯಿಹಾಲಿನಲ್ಲಿ ವಿಟಮಿನ್ ಡಿ ತೀರಾ ಕಡಿಮೆಯಂತೆ. ಅದಕ್ಕೇ ಮಗಳಿಗೂ ದಿನಾ 400 ಯೂನಿಟ್ಟಿನ ಹನಿ. ಈ ಸಲ ಎಣಿಸಿ ಹಾಕುವ ಕೆಲಸ ಅತ್ತೆಯದು, ನನ್ನ ಕೈಗೆ ಕೊಡುವುದಿಲ್ಲ.