ದೈವ ಐದನೆಯದು

ಮಧುಮೇಹವಿದೆ ಎಂದು ಗೊತ್ತಾದ ದಿನ ನಾನು ಮೊದಲು ಮಾಡಿದ ಕೆಲಸ ಹರಕೆ ಹೊತ್ತದ್ದು. ಸಕ್ಕರೆ ಹತೋಟಿಗೆ ಬಂದರೆ ನಿನ್ನ ಸನ್ನಿಧಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು ದೇವರಲ್ಲಿ ಬೇಡಿಕೊಂಡೆ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ತಂದಿಟ್ಟುಕೊಂಡೆ, ಆದರೆ ನುಂಗಲಿಲ್ಲ. ಮೊರೆ ಹೊಕ್ಕ ಮೇಲೆ ಮಾತ್ರೆಯನ್ನೂ ನೆಚ್ಚಿಕೊಂಡರೆ ನಂಬಿಕೆಗೆ ಕುಂದು ಎಂಬ ಭಾವನೆ ನನ್ನಲ್ಲಿ ಬೇರೂರಿತ್ತು. ಬೆಳಗಿನ ಒಂದು ಗಂಟೆಯ ಜಪವನ್ನು ಎರಡು ಗಂಟೆಗೆ ಏರಿಸಿದೆ. ಮನಸ್ಸಿಗೆ ನಿಜಕ್ಕೂ ನೆಮ್ಮದಿಯಿತ್ತು.

ಮೂರು ತಿಂಗಳ ಮೇಲೆ ರಕ್ತದ ಸಕ್ಕರೆಯ ಮಟ್ಟ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದಾಗ ಶೇಕಡಾ 8.6 ಇದ್ದದ್ದು 9.4ಕ್ಕೆ ಏರಿತ್ತು. 6.5 ಮುಟ್ಟಿದರೇ ಮಧುಮೇಹ ಎನ್ನುತ್ತಾರೆ. ವೈದ್ಯರು ಗದರಲಿಲ್ಲ, ಪರೀಕ್ಷೆ ಏನನ್ನು ಅಳೆಯುತ್ತದೆ ಎಂದು ಬಿಡಿಸಿ ಹೇಳಿದರು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ದಿನ ರಕ್ತದಲ್ಲಿರುವ ಸಕ್ಕರೆ ಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಿಂದಿನ ದಿನ ಉಪವಾಸವಿದ್ದು ಬಂದರೂ ಎರಡು ಮೂರು ತಿಂಗಳ ಲೆಕ್ಕ ಬದಲಾಗುವುದಿಲ್ಲ. ನನಗೆ ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ನಾನು ಕಣ್ಣು ಮುಚ್ಚಿ ಕುಳಿತಿದ್ದಾಗಲೂ ನನ್ನ ರಕ್ತ ನನ್ನ ದಿನಚರಿಯನ್ನು ಬರೆದುಕೊಳ್ಳುತ್ತಲೇ ಇತ್ತು.

ಅದೇ ವಾರ ಪಾರಾಯಣ ಮಾಡುವಾಗ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದ ಹದಿನಾಲ್ಕನೆಯ ಶ್ಲೋಕದಲ್ಲಿ ನಾಲಿಗೆ ತಡೆಯಿತು. ವರ್ಷಗಟ್ಟಲೆ ಬಾಯಿಪಾಠವಾಗಿದ್ದ ಶ್ಲೋಕ. ಕೆಲಸವೊಂದು ಕೈಗೂಡಲು ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಎಂದರೆ ಈ ದೇಹ; ಕರ್ತೃ, ಎಂದರೆ ಮಾಡುವವನು; ಕರಣಗಳು, ಎಂದರೆ ಇಂದ್ರಿಯಗಳು; ಬಗೆಬಗೆಯ ಚೇಷ್ಟೆಗಳು, ಎಂದರೆ ಪ್ರಯತ್ನ; ಐದನೆಯದು ದೈವ. ದೈವವನ್ನು ಅದು ಬಿಟ್ಟಿಲ್ಲ, ಆದರೆ ಉಳಿದ ನಾಲ್ಕನ್ನೂ ಬಿಟ್ಟಿಲ್ಲ. ನಾನು ಆ ನಾಲ್ಕನ್ನು ಹಾಗೆಯೇ ಬಿಟ್ಟು ಐದನೆಯ ಬಾಗಿಲನ್ನು ಮಾತ್ರ ತಟ್ಟುತ್ತಾ ಕುಳಿತಿದ್ದೆ.

ಜಪವನ್ನು ಮತ್ತೆ ಒಂದು ಗಂಟೆಗೆ ತಂದೆ. ಉಳಿದ ಹೊತ್ತಿನಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯತೊಡಗಿದೆ. ಮಾತ್ರೆಯದೇ ಕಷ್ಟವಾಗಿತ್ತು, ಮರೆತೇ ಹೋಗುತ್ತಿತ್ತು. ಮೆಟ್‌ಫಾರ್ಮಿನ್ ಊಟದ ಜೊತೆಗೆ ತೆಗೆದುಕೊಳ್ಳುವ ಮಾತ್ರೆ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ನಾನು ಚಿಕ್ಕಂದಿನಿಂದ ತಪ್ಪಿಸಿದವನಲ್ಲ. ಹಾಗಾಗಿ ಡಬ್ಬಿಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟೆ. ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರೆ ಮೊದಲು ಕಾಣುವುದು ಅದೇ. ಬೇಡಿಕೆಯೂ ತಾನಾಗಿ ಬದಲಾಯಿತು. ‘ಸಕ್ಕರೆ ಇಳಿಸು’ ಎನ್ನುತ್ತಿದ್ದವನು ‘ನಾಳೆಯೂ ಎದ್ದು ನಡೆಯುವ ಮನಸ್ಸು ಕೊಡು’ ಎನ್ನತೊಡಗಿದೆ.

ರಾತ್ರಿಯ ಪ್ರಾರ್ಥನೆಗೆ ಮುಂಚೆ ಕೈಗನ್ನಡಿ ಹಿಡಿದು ಎರಡೂ ಅಂಗಾಲು ನೋಡಿಕೊಳ್ಳುತ್ತೇನೆ. ಸಕ್ಕರೆ ಬಹುಕಾಲ ಹೆಚ್ಚಿದ್ದರೆ ಕಾಲಿನ ನರಗಳು ಸೋತು ನೋವೇ ತಿಳಿಯದಂತಾಗುತ್ತದೆ. ಒಂದು ರಾತ್ರಿ ಎಡ ಹಿಮ್ಮಡಿಯ ಅಂಚಿನಲ್ಲಿ ಒಣಗಿದ ರಕ್ತ ಕಂಡಿತು. ಒರೆಸಿ ನೋಡಿದರೆ ಅಕ್ಕಿಕಾಳಿಗಿಂತ ಚಿಕ್ಕ ಗಾಜಿನ ಚೂರು. ಅದು ಯಾವಾಗ ಚುಚ್ಚಿತ್ತೋ ನನಗೆ ಗೊತ್ತೇ ಆಗಿರಲಿಲ್ಲ. ಮರುದಿನ ಬೆಳಿಗ್ಗೆಯೇ ವೈದ್ಯರ ಬಳಿ ಹೋದೆ, ಗಾಯ ಹತ್ತು ದಿನದಲ್ಲಿ ಮಾಗಿತು. ದೇವರು ಕಾಪಾಡಿದ ಎಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಕನ್ನಡಿ ಹಿಡಿಯುವ ಬುದ್ಧಿ ಕೊಟ್ಟು ಕಾಪಾಡಿದ.

ಇದೆಲ್ಲ ಸರಿಹೋದ ಮೇಲೆ ಇನ್ನೊಂದು ತಪ್ಪಿಗೆ ಬಿದ್ದೆ. ಎಲ್ಲವೂ ನನ್ನ ಕೈಯಲ್ಲೇ ಇದೆ ಎಂಬ ಹುಮ್ಮಸ್ಸು. ಆಗ ಜ್ವರ ಬಂತು. ಮಾತ್ರೆ, ಊಟ ಯಾವುದನ್ನೂ ತಪ್ಪಿಸದಿದ್ದರೂ ಮನೆಯಲ್ಲಿ ಸಕ್ಕರೆ ಅಳೆಯುವ ಗ್ಲುಕೋಮೀಟರ್ 240 ತೋರಿಸಿತು. ಸೋಂಕಿನ ವಿರುದ್ಧ ಹೋರಾಡುವಾಗ ದೇಹವೇ ಸಕ್ಕರೆಯನ್ನು ಏರಿಸುತ್ತದೆ ಎಂದು ತಿಳಿಯದೆ ಎರಡು ರಾತ್ರಿ ನನ್ನನ್ನು ನಾನೇ ಹಳಿದುಕೊಂಡೆ. ಮೂರನೆಯ ರಾತ್ರಿ ಔಷಧಿ ತೆಗೆದುಕೊಂಡು, ವೈದ್ಯರಿಗೆ ಫೋನ್ ಮಾಡಿ, ಇನ್ನು ಉಳಿದದ್ದು ನಿನ್ನದು ಎಂದು ದೇವರಿಗೆ ಒಪ್ಪಿಸಿ ಮಲಗಿದೆ. ಗಾಢವಾಗಿ ನಿದ್ದೆ ಬಂತು. ನಂಬಿಕೆ ನನಗೆ ಎಲ್ಲಿ ಬೇಕು ಎಂದು ಆ ರಾತ್ರಿ ತಿಳಿಯಿತು.

ಒಂದು ವರ್ಷಕ್ಕೆ ಎಚ್‌ಬಿಎ1ಸಿ 6.8ಕ್ಕೆ ಬಂತು. ಹರಕೆ ತೀರಿಸಬೇಕಿತ್ತು, ಆದರೆ ಬರಿಗಾಲಲ್ಲಿ ನಡೆಯಲೇಬಾರದು ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಬಹಳ ಕಳವಳಪಟ್ಟೆ. ಕೊನೆಗೆ ಅರ್ಚಕರನ್ನೇ ಕೇಳಿದೆ. “ಕಾಲು ಕೊಟ್ಟವನು ಅದನ್ನು ಗಾಯ ಮಾಡಿಕೊಂಡು ಬಾ ಎಂದಾನೆಯೇ?” ಎಂದರು. ಹತ್ತಿಯ ಕಾಲುಚೀಲ, ಮೆತ್ತನೆಯ ಬೂಟು ಹಾಕಿಕೊಂಡು ಎರಡು ದಿನ ನಡೆದೆ. ಬಾಗಿಲಲ್ಲಿ ಬೂಟು ಕಳಚಿ ಒಳಗೆ ಹೋಗಿ ಕೈಮುಗಿದೆ. ಹೊರಬಂದು ಮೆಟ್ಟಿಲ ಮೇಲೆ ಕುಳಿತು, ಚೀಲದಿಂದ ಕೈಗನ್ನಡಿ ತೆಗೆದು ಅಂಗಾಲು ನೋಡಿಕೊಂಡೆ.