ಗೋಡೆಯಿಂದ ಬಿದ್ದ ಒಂದು ಚಕ್ಕೆ

ನನ್ನ ಮೇಜಿನ ಮೇಲೆ ಒಂದು ಬಣ್ಣದ ಚಕ್ಕೆ ಇದೆ. ಅರ್ಧ ಅಂಗೈಯಷ್ಟು ಅಗಲ, ಹತ್ತಿರ ಹತ್ತಿರ ಮೂರು ಮಿಲಿಮೀಟರ್ ದಪ್ಪ. ನಮ್ಮ ಗ್ಯಾಲರಿಯ ಹಳೇ ಜಾಗ ಖಾಲಿ ಮಾಡುವಾಗ, ತೇವ ಹಿಡಿದಿದ್ದ ಒಂದು ಮೂಲೆಯಿಂದ ತಾನಾಗೇ ಕಳಚಿ ಬಿತ್ತು. ಅಂಚನ್ನು ಬೆಳಕಿಗೆ ಹಿಡಿದರೆ ಪದರ ಪದರವಾಗಿ ಕಾಣುತ್ತದೆ. 2015ರಿಂದ 2023ರ ಕೊನೆಯವರೆಗೆ ಅಲ್ಲಿ 48 ಪ್ರದರ್ಶನ ಮಾಡಿದೆವು. ಒಂದೊಂದು ಮುಗಿದಾಗಲೂ ಮೊಳೆ ತೂತಿಗೆ ಪುಟ್ಟಿ ತುಂಬಿ, ಉಜ್ಜಿ, ಮತ್ತೆ ಬಿಳಿ ಹೊಡೆಸಿದೆವು. ಅದೆಲ್ಲ ಈ ಚಕ್ಕೆಯಲ್ಲಿದೆ.

ಗ್ಯಾಲರಿ ಚರಿತ್ರೆ ಬರೆದುಕೊಡಿ ಅಂತ ಇತ್ತೀಚೆಗೆ ಇಬ್ಬರು ಮೂವರು ಕೇಳಿದರು. ಪ್ರದರ್ಶನಗಳ ಪಟ್ಟಿ ಕೊಟ್ಟರೆ ಮುಗಿಯುತ್ತಿತ್ತು. ಆದರೆ ಆ ಪಟ್ಟಿ ಓದಿದರೆ ಎಲ್ಲ ಸುಸೂತ್ರವಾಗಿ ನಡೆದ ಹಾಗೆ ಕಾಣುತ್ತದೆ. ಅದಕ್ಕೇ ಈ ಚಕ್ಕೆ ಹಿಡಿದುಕೊಂಡು ಕೂತಿದ್ದೇನೆ.

ಶುರು ಮಾಡಿದ್ದು ನಾನು ಮತ್ತು ನನ್ನ ಗೆಳತಿ. ಇಬ್ಬರಿಗೂ ಮನೆ ಕಡೆಯಿಂದ ದುಡ್ಡಿರಲಿಲ್ಲ. ಮುಚ್ಚಿಹೋಗಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ಗೋಡೆಗೆ ಮಸಿ ಅಂಟಿತ್ತು, ನೆಲ ಓರೆಯಾಗಿತ್ತು. ಚಿತ್ರದ ನಡುಭಾಗ ನೆಲದಿಂದ 57-58 ಇಂಚು ಎತ್ತರದಲ್ಲಿರಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ನಾವೂ ಹಾಗೇ ಟೇಪು ಹಿಡಿದು ನೆಲದಿಂದ ಅಳೆದು ತೂಗುಹಾಕಿದೆವು. ನೆಲವೇ ಓರೆ ಇದ್ದಮೇಲೆ ಸಾಲು ನೇರ ಬರುವುದು ಹೇಗೆ? ಮೊದಲ ಪ್ರದರ್ಶನದ ಉದ್ಘಾಟನೆಗೆ ಎರಡು ಗಂಟೆ ಮುಂಚೆ ಎಲ್ಲ ಇಳಿಸಿದೆವು. ನಮ್ಮ ಪೇಂಟರ್ ಒಂದು ರಸಮಟ್ಟ ತಂದು ಗೋಡೆ ಉದ್ದಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಟ್ಟರು. "ನೆಲ ನಂಬಬೇಡಿ ಮೇಡಂ, ಗೆರೆ ನಂಬಿ" ಅಂದರು. ಆ ಗೆರೆ ಒಂಬತ್ತು ವರ್ಷ ಇತ್ತು. ಪ್ರತಿ ಸಲ ಬಣ್ಣದ ಕೆಳಗೆ ಹೋಗುತ್ತಿತ್ತು, ಪ್ರತಿ ಸಲ ಅವರೇ ಮತ್ತೆ ಎಳೆಯುತ್ತಿದ್ದರು.

ಬಿಳಿ ಗೋಡೆ ಬಗ್ಗೆ ಒಂದು ಮಾತು. ಬಿಳಿ ಗೋಡೆ ತಟಸ್ಥ ಅಂತ ನಾವು ಅಂದುಕೊಳ್ಳುತ್ತೇವೆ, ಹಾಗಲ್ಲ ಅದು ಅಂತ ಕಲಾವಿಮರ್ಶಕ ಬ್ರಯನ್ ಒ'ಡೋಹರ್ಟಿ 1976ರಲ್ಲೇ ಆರ್ಟ್‌ಫೋರಂ ಪತ್ರಿಕೆಯಲ್ಲಿ ಲೇಖನಮಾಲೆ ಬರೆದರು. ಅದಕ್ಕೂ ಮುಂಚೆ, 1973ರಲ್ಲಿ, ಅಮೆರಿಕದ ಕಲಾವಿದ ಮೈಕೆಲ್ ಆಶರ್ ಮಿಲಾನಿನ ತೊಸೆಲ್ಲಿ ಗ್ಯಾಲರಿಯ ಗೋಡೆಗಳಿಗೆ ರಭಸವಾಗಿ ಮರಳು ಹೊಡೆಸಿ ವರ್ಷಗಳ ಬಿಳಿ ಬಣ್ಣವನ್ನೆಲ್ಲ ಕಿತ್ತು, ಕೆಳಗಿನ ಗಾರೆ ಕಾಣುವಂತೆ ಬಿಟ್ಟರು. ಪ್ರದರ್ಶನ ಅಂದರೆ ಅಷ್ಟೇ. ಮೊದಲ ಸಲ ಇದನ್ನು ಓದಿದಾಗ ಜಾಣತನ ಅನ್ನಿಸಿತ್ತು. ಈಗ ಚಕ್ಕೆ ಕೈಯಲ್ಲಿ ಹಿಡಿದಾಗ ಸ್ವಲ್ಪ ಬೇರೆ ಥರ ಅನ್ನಿಸುತ್ತದೆ.

ಚಕ್ಕೆಯಲ್ಲಿ ಕೆಳಗಿನಿಂದ ಎಣಿಸಿದರೆ ಮೊದಲು ಕಣ್ಣಿಗೆ ಬೀಳುವುದು ಕಡು ಬೂದು. ಅದು 2016, ವಿಡಿಯೊ ಪ್ರದರ್ಶನ. ಎರಡು ಪ್ರೊಜೆಕ್ಟರ್, ಎರಡು ಕೋಣೆ, ಒಂದರ ಸದ್ದು ಇನ್ನೊಂದಕ್ಕೆ ನುಗ್ಗುತ್ತಿತ್ತು. ದಪ್ಪ ಪರದೆ ಕಟ್ಟಿದೆವು, ಅರ್ಧ ಮಾತ್ರ ತಗ್ಗಿತು. ಕೆಲಸ ಐದು ಪ್ರತಿಗಳ ಆವೃತ್ತಿ, ಜೊತೆಗೆ ಕಲಾವಿದನ ಎರಡು ಪ್ರೂಫ್, ಅಂದರೆ ಆ ಐದರ ಲೆಕ್ಕಕ್ಕೆ ಸೇರದೆ ಕಲಾವಿದನಿಗೇ ಇರುವ ಪ್ರತಿಗಳು. ಒಂದೂ ಮಾರಾಟವಾಗಲಿಲ್ಲ. ಜನ ಮಾತ್ರ ತುಂಬ ಬಂದರು, ಈಗಲೂ ಸಿಕ್ಕಿದವರು ನೆನಪಿಸಿಕೊಳ್ಳುವುದು ಅದನ್ನೇ. ಹದಿನಾಲ್ಕು ತಿಂಗಳಾದ ಮೇಲೆ ಒಂದು ಸಂಸ್ಥೆ ಒಂದು ಪ್ರತಿ ಕೇಳಿತು, ಆಗ ನಮ್ಮ ಬೆವರಿಳಿಯಿತು. ಕೊಳ್ಳುವವರಿಗೆ ನಿಜಕ್ಕೂ ಕೊಡುವುದೇನು? ಫೈಲ್ ಯಾವ ರೂಪದ್ದು? ಮೂಲ ಪ್ರತಿ ಯಾರ ಹತ್ತಿರ ಇರುತ್ತದೆ? ಹತ್ತು ವರ್ಷದ ನಂತರ ಆ ಫೈಲ್ ಓದುವ ಸಾಧನವೇ ಇಲ್ಲದಿದ್ದರೆ ಹೊಸ ರೂಪಕ್ಕೆ ಬದಲಿಸಲು ಅನುಮತಿ ಇದೆಯಾ? ಪರದೆಯ ಅಳತೆ ಬದಲಿಸಬಹುದಾ? ಇದ್ಯಾವುದನ್ನೂ ನಾವು ಬರೆದಿಟ್ಟಿರಲಿಲ್ಲ. ಮೂರು ವಾರ ಕೂತು ಬರೆದೆವು. ಆಮೇಲೆ ವಿಡಿಯೊ ಕೆಲಸ ಗೋಡೆಗೆ ಬರುವ ಮುಂಚೆ ಕಾಗದ ಆಗಿರಬೇಕು ಅಂತ ನಿಯಮ ಮಾಡಿಕೊಂಡೆವು. ಅಂದಹಾಗೆ, ಕಡು ಬೂದಿನ ಮೇಲೆ ಬಿಳಿ ಕೂರಲು ನಾಲ್ಕು ಕೋಟ್ ಬೇಕಾಯಿತು.

ಅದರ ಮೇಲೆ ದಪ್ಪಗೆ ಬರೀ ಬಿಳಿ. 2017, 2018. ಯಾವುದು ಯಾವ ಪ್ರದರ್ಶನದ್ದು ಅಂತ ಹೇಳಲು ಸಾಧ್ಯವೇ ಇಲ್ಲ. ನಾವು ಅತಿ ಹೆಚ್ಚು ತಪ್ಪು ಮಾಡಿದ್ದು ಈ ಬಿಳಿಯಲ್ಲೇ.

ಬಬಲ್ ರ್ಯಾಪಿನದು ಮೊದಲು ಹೇಳುತ್ತೇನೆ. ಅಕ್ರಿಲಿಕ್ ಚಿತ್ರ ಒಂದನ್ನು ಗುಳ್ಳೆಗಳು ಒಳಮುಖವಾಗಿ ಬರುವಂತೆ ನೇರವಾಗಿ ಚಿತ್ರಕ್ಕೇ ಸುತ್ತಿ, ಬಿಸಿಲಿನ ದಿನ ಗಾಡಿಯಲ್ಲಿ ಕಳಿಸಿದೆ. ಅಕ್ರಿಲಿಕ್ ಶಾಖಕ್ಕೆ ಮೆತ್ತಗಾಗುತ್ತದೆ, ಅಂಟಂಟಾಗುತ್ತದೆ. ಬಿಚ್ಚಿದಾಗ ನೀಲಿ ಆಕಾಶದ ತುಂಬ ಸಾಲು ಸಾಲಾಗಿ ಉಂಗುರದ ಗುರುತು. ಓರೆ ಬೆಳಕಲ್ಲಿ ನೋಡಿದರೆ ಎಣಿಸಬಹುದಿತ್ತು. ಸರಿಪಡಿಸುವವರು ಒಂದಷ್ಟು ಮಟ್ಟಿಗೆ ಮರೆಸಿದರು, ಪೂರ್ತಿ ಆಗಲಿಲ್ಲ. ಆ ಚಿತ್ರದಲ್ಲಿ ಕಲಾವಿದೆಗೆ ಬರಬೇಕಾಗಿದ್ದ ಪಾಲನ್ನು ನಾವೇ ಕೊಟ್ಟೆವು. ಅಲ್ಲಿಂದ ಮುಂದೆ ಮೊದಲು ಗ್ಲಾಸೀನ್ ಅನ್ನುವ ತೆಳು ನುಣುಪು ಕಾಗದ, ಅದರ ಮೇಲೆ ಬಬಲ್ ರ್ಯಾಪ್, ಅದೂ ಗುಳ್ಳೆ ಹೊರಮುಖ. ಒಳಗೆ ಬರುವ, ಹೊರಗೆ ಹೋಗುವ ಪ್ರತಿ ಕೃತಿಗೂ ಫೋಟೊ ಸಮೇತ ಸ್ಥಿತಿ ವರದಿ. ಮೂಲೆ ನಾಲ್ಕು, ಹಿಂಭಾಗ ಒಂದು, ಓರೆ ಬೆಳಕಲ್ಲಿ ಒಂದು.

ಇನ್ನು ದುಡ್ಡಿನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದೆ. ಸಾಮಾನ್ಯವಾಗಿ ಗ್ಯಾಲರಿಗಳ ಲೆಕ್ಕ ಅರ್ಧಕ್ಕರ್ಧ. ಮಾರಿದ ಬೆಲೆಯಲ್ಲಿ ಅರ್ಧ ಕಲಾವಿದರದು, ಅರ್ಧ ನಮ್ಮದು. ಕೃತಿ ನಮ್ಮ ಸ್ವತ್ತಲ್ಲ, ಕಲಾವಿದರು ಮಾರಿಕೊಡಿ ಅಂತ ನಮ್ಮಲ್ಲಿ ಬಿಟ್ಟಿರುತ್ತಾರೆ ಅಷ್ಟೇ. ಹಾಗಾಗಿ ಬಂದ ದುಡ್ಡಿನಲ್ಲಿ ಅರ್ಧ ಯಾವತ್ತೂ ನಮ್ಮದಾಗಿರುವುದೇ ಇಲ್ಲ. ಇದು ಗೊತ್ತಿತ್ತು. ಆದರೂ ಎಲ್ಲವೂ ಒಂದೇ ಖಾತೆಗೆ ಬರುತ್ತಿತ್ತು, ಬಾಡಿಗೆ ದಿನ ಬಂದಾಗ ಆ ಖಾತೆಯಲ್ಲಿ ಎಷ್ಟಿದೆಯೋ ಅದೆಲ್ಲ ನಮ್ಮದೇ ಅನ್ನಿಸುತ್ತಿತ್ತು. ಮುಂದಿನ ಮಾರಾಟ ಆದಾಗ ತುಂಬಿಸೋಣ ಅಂತ. ಮುಂದಿನ ಮಾರಾಟ ಆದಾಗ ಇನ್ನೇನೋ ಬಿಲ್.

2018ರಲ್ಲಿ ಒಂದು ದಿನ ಒಬ್ಬ ಕಲಾವಿದೆ ಫೋನ್ ಮಾಡಿದರು. ನಮಗಿಂತ ದೊಡ್ಡವರು, ಏರುದನಿಯಲ್ಲಿ ಮಾತಾಡುವವರೇ ಅಲ್ಲ. "ನನ್ನ ಚಿತ್ರ ಯಾರದೋ ಮನೆ ಗೋಡೆ ಮೇಲಿರೋ ಫೋಟೊ ನೋಡಿದೆ ಕಣಮ್ಮ. ಮಾರಾಟ ಆಗಿದೆಯಾ?" ಅಂದರು. ಆಗಿತ್ತು. ಐದು ತಿಂಗಳಾಗಿತ್ತು. ಕೊಂಡವರು ಕಂತಿನಲ್ಲಿ ಕೊಟ್ಟಿದ್ದರು, ಪೂರ್ತಿ ಬಂದ ಮೇಲೆ ಹೇಳೋಣ ಅಂತ ನಾವು ಸುಮ್ನಿದ್ದೆವು. ಬಂದ ಕಂತುಗಳು ಆಗಲೇ ಖರ್ಚಾಗಿದ್ದವು. ನಾನು ಏನೇನೋ ಹೇಳಿದೆ. ಅವರು ಕೇಳಿಸಿಕೊಂಡು "ಸರಿ, ಆದಾಗ ಕೊಡಿ" ಅಂದು ಇಟ್ಟರು. ಬೈದಿದ್ದರೆ ಒಳ್ಳೇದಿತ್ತು.

ಆ ವಾರವೇ ಕಲಾವಿದರ ಪಾಲಿಗೆ ಅಂತಲೇ ಬೇರೆ ಖಾತೆ ತೆರೆದೆವು. ದುಡ್ಡು ಬಂದ ದಿನವೇ ಅರ್ಧ ಅಲ್ಲಿಗೆ ಹೋಗಬೇಕು, ಕಂತು ಬಂದರೆ ಕಂತಿನ ಅರ್ಧ. ಮೂವತ್ತು ದಿನದೊಳಗೆ ಅವರ ಕೈಗೆ. ಮಾರಾಟವಾದ ದಿನವೇ ಅವರಿಗೆ ಸುದ್ದಿ. ಕೇಳಲು ಎಷ್ಟು ಸುಲಭ ಅಲ್ವಾ? ಮೊದಲ ವರ್ಷ ಪ್ರಾಣ ಹಿಂಡಿತು. ನಮ್ಮ ಬಳಿ ನಿಜಕ್ಕೂ ಎಷ್ಟು ಕಡಿಮೆ ಇದೆ ಅಂತ ಆಗಲೇ ಕಂಡಿದ್ದು. ಹೊರಗಡೆ ಕೆಲಸ ಹಿಡಿದೆವು, ಗೆಳತಿ ಪಾಠ ಹೇಳಲು ಹೋದಳು, ನಾನು ಬೇರೆಯವರ ಕ್ಯಾಟಲಾಗ್ ತಿದ್ದಿದೆ.

ಅದೇ ವರ್ಷ ಆರ್ಟ್ ಫೇರ್ ಒಂದಕ್ಕೆ, ಅಂದರೆ ಗ್ಯಾಲರಿಗಳೆಲ್ಲ ಮಳಿಗೆ ಹಾಕಿ ಕೃತಿ ಮಾರುವ ಮೇಳಕ್ಕೆ, ಹೋಗುವ ಹುಚ್ಚೂ ಹಿಡಿದಿತ್ತು. ಮಳಿಗೆ ಬಾಡಿಗೆ, ಸಾಗಣೆ, ವಿಮೆ, ತಾತ್ಕಾಲಿಕ ಗೋಡೆ, ಅದಕ್ಕೆ ದೀಪ. ದೀಪಕ್ಕೂ ಬೇರೆ ದುಡ್ಡು ಕೇಳುತ್ತಾರೆ. ನಾಲ್ಕು ದಿನಕ್ಕೆ ನಮ್ಮ ಏಳು ತಿಂಗಳ ಬಾಡಿಗೆಯಷ್ಟು ಖರ್ಚು. ಎರಡು ಕೃತಿ ಮಾರಿದೆವು, ನಮ್ಮ ಪಾಲಲ್ಲಿ ಸಾಗಣೆ ಕೂಡ ಹುಟ್ಟಲಿಲ್ಲ. ಇದು ನಮ್ಮೊಬ್ಬರ ಗೋಳಲ್ಲ. 2018ರಲ್ಲೇ ಡೇವಿಡ್ ಝ್ವಿರ್ನರ್‌ನಂಥ ಭಾರೀ ಗ್ಯಾಲರಿಯವರೇ, ದೊಡ್ಡವರು ಫೇರ್‌ಗಳಲ್ಲಿ ಜಾಸ್ತಿ ಕೊಟ್ಟು ಸಣ್ಣವರ ಹೊರೆ ಇಳಿಸಬೇಕು ಅಂತ ಬಹಿರಂಗವಾಗಿ ಹೇಳಿದರು. ಆ ವರ್ಷವೇ ದೊಡ್ಡ ಅಂತರರಾಷ್ಟ್ರೀಯ ಫೇರ್ ಆದ ಆರ್ಟ್ ಬಾಸೆಲ್, ಮಳಿಗೆ ದೊಡ್ಡದಾದಷ್ಟೂ ಚದರ ಮೀಟರಿನ ದರ ಏರುವ ಹೊಸ ಲೆಕ್ಕ ಪ್ರಕಟಿಸಿತು. ಒಳ್ಳೇದೇ. ಆದರೂ ನನ್ನ ಪ್ರಕಾರ ಎರಡು ಕೋಣೆಯ ಗ್ಯಾಲರಿ ಸ್ವಂತ ದುಡ್ಡಲ್ಲಿ ಫೇರ್‌ಗೆ ಹೋಗಬಾರದು.

ಚಕ್ಕೆಯಲ್ಲಿ ಮುಂದಿನ ಬಣ್ಣ ಕೆಂಪು. ಅಂದರೆ ಕೆಂಪು ಗೆರೆ ಒಂದು, ಅದರ ಮೇಲೆ ಗುಲಾಬಿಯಾಗಿ ಹರಡಿದ ಎರಡು ಮೂರು ಪದರ. 2019. ಆ ಕಲಾವಿದೆ ಕ್ಯಾನ್‌ವಾಸ್ ತರಲೇ ಇಲ್ಲ. ಹನ್ನೊಂದು ದಿನ ಗೋಡೆ ಮೇಲೇ ಕೆಂಪು ಇಂಕಿನಲ್ಲಿ ಬರೆದರು. ಕಡ್ಡಿಯಷ್ಟು ಸಣ್ಣ ಗೆರೆಗಳು, ಏಣಿ ಹತ್ತಿ, ನೆಲಕ್ಕೆ ಮಲಗಿ. ಗೋಡೆ ಮೇಲೆ ಬರೆದದ್ದನ್ನು ಮಾರುವುದು ಹೇಗೆ ಅಂತ ಕೇಳಿದವರಿಗೆ ನಾವು ಅಮೆರಿಕದ ಕಲಾವಿದ ಸೋಲ್ ಲೆವಿಟ್ ಹೆಸರು ಹೇಳುತ್ತಿದ್ದೆವು. 1968ರಲ್ಲಿ ನ್ಯೂಯಾರ್ಕಿನ ಪೌಲಾ ಕೂಪರ್ ಗ್ಯಾಲರಿಯಲ್ಲಿ ಅವರು ಮೊದಲ ಗೋಡೆ ಚಿತ್ರ ಮಾಡಿದರು. ಅಂಥ ಕೆಲಸದಲ್ಲಿ ಕೊಳ್ಳುವವರಿಗೆ ಸಿಗುವುದು ಪ್ರಮಾಣಪತ್ರ ಮತ್ತು ಸೂಚನೆ, ಗೋಡೆಗೆ ಬಣ್ಣ ಬಳಿದರೂ ಕೃತಿ ಅಳಿಯುವುದಿಲ್ಲ, ಬೇರೆ ಗೋಡೆ ಮೇಲೆ ಮತ್ತೆ ಮಾಡಬಹುದು. ನಮ್ಮದು ಒಂದು ಮಾರಾಟವಾಯಿತು. ಕೊಂಡವರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಮುಂದೆ ಮರುಮಾರಾಟ ಮಾಡಿದರೆ ಏರಿದ ಬೆಲೆಯಲ್ಲಿ ಒಂದು ಪಾಲು ಕಲಾವಿದೆಗೆ ಬರಬೇಕು ಅಂತಲೂ ಬರೆಸಿದೆವು. ಸೆತ್ ಸೀಗೆಲಾಬ್ ಎಂಬ ಅಮೆರಿಕದ ಪ್ರದರ್ಶನ ಸಂಯೋಜಕರು ವಕೀಲರೊಬ್ಬರ ಜೊತೆ ಸೇರಿ 1971ರಲ್ಲೇ ಇಂಥ ಮಾದರಿ ಒಪ್ಪಂದ ತಂದಿದ್ದರು, ಅದರಲ್ಲಿ ಆ ಪಾಲು ಶೇ. 15. ಕೊಂಡವರು ಓದಿ, ನಕ್ಕು, ಸಹಿ ಹಾಕಿದರು. ನಾವೇ ಸುಮ್ನೆ ಹೆದರಿದ್ದೆವು.

ಕೊನೆಯ ದಿನ ಆ ಕಲಾವಿದೆಯೇ ರೋಲರ್ ಹಿಡಿದು ಬಿಳಿ ಬಳಿದರು. ಮಾರನೇ ದಿನ ನೋಡಿದರೆ ಇಂಕು ಮೇಲೆ ಬಂದಿತ್ತು. ಇನ್ನೊಂದು ಕೋಟ್, ಮತ್ತೆ ಗುಲಾಬಿ. "ಇದು ನಿಲ್ಲಲ್ಲ ಮೇಡಂ, ಸೀಲರ್ ಹೊಡೀಬೇಕು" ಅಂದರು ಪೇಂಟರ್. ಕೆಳಗಿನ ಇಂಕು ಮೇಲೆ ಬರದಂತೆ ತಡೆಯುವ ಲೇಪ ಅದು. ಕಾಣುವ ಕಡೆಗೆಲ್ಲ ಹೊಡೆದರು. ಮೂಲೆ ಬೀರುವಿನ ಹಿಂದೆ ಹೋಗುತ್ತಿತ್ತು, ಅಲ್ಲಿ ಬಿಟ್ಟೆವು.

ಕೆಂಪಾದ ಮೇಲೆ ಎರಡು ಬಿಳಿಗಳ ನಡುವೆ ಕೂದಲೆಳೆಯಷ್ಟು ಕೊಳೆ ಗೆರೆ ಇದೆ. ಧೂಳು ಕೂತು ಅದರ ಮೇಲೆ ಬಣ್ಣ ಹೊಡೆದರೆ ಹಾಗೆ ಕಾಣುತ್ತದೆ. ಅದು 2020 ಅಂತ ನನ್ನ ಲೆಕ್ಕ. ಆ ವರ್ಷ ಎರಡೇ ಪ್ರದರ್ಶನ, ನಡುವೆ ಏಳು ತಿಂಗಳು ಬೀಗ. ಮಾರ್ಚಿನಲ್ಲಿ ನಡೆಯಬೇಕಿದ್ದ ಆರ್ಟ್ ಬಾಸೆಲ್ ಹಾಂಗ್‌ಕಾಂಗ್ ರದ್ದಾಗಿ, ಅದರ ಬದಲು ಆನ್‌ಲೈನ್ ವೀಕ್ಷಣಾ ಕೋಣೆ ತೆರೆದರು. ಎಲ್ಲರೂ ಅದೇ ದಾರಿ ಹಿಡಿದರು, ನಾವೂ ಹಿಡಿದೆವು. ಮಾರಾಟವಾಗಿದ್ದು ಆ ಪುಟದಿಂದಲ್ಲ. ಕಾಗದದ ಮೇಲಿನ ಸಣ್ಣ ಕೃತಿಗಳ ಫೋಟೊ ಮತ್ತು ಬೆಲೆಯನ್ನು ಹಳೇ ಪರಿಚಯದವರಿಗೆ ಒಬ್ಬೊಬ್ಬರಿಗೇ ಕಳಿಸಿದಾಗ. ಬೆಲೆ ಬಚ್ಚಿಡುವ ಅಭ್ಯಾಸ ಆಗಲೇ ಬಿಟ್ಟಿದ್ದು. ಬೆಲೆ ಕೇಳಲು ಸಂಕೋಚಪಟ್ಟೇ ಎಷ್ಟೋ ಜನ ಹಿಂದೆ ಸರಿದಿದ್ದರು ಅಂತ ಅವರೇ ಹೇಳಿದರು.

2021ರ ಮಾರ್ಚಿನಲ್ಲಿ ಬೀಪಲ್ ಎಂಬ ಡಿಜಿಟಲ್ ಕಲಾವಿದನ ಎನ್‌ಎಫ್‌ಟಿ, ಅಂದರೆ ಒಡೆತನವನ್ನು ಆನ್‌ಲೈನ್ ದಾಖಲೆಯಲ್ಲಿ ಗುರುತಿಸುವ ಡಿಜಿಟಲ್ ಕೃತಿ, ಕ್ರಿಸ್ಟೀಸ್ ಹರಾಜಿನಲ್ಲಿ 6 ಕೋಟಿ 90 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯಿತಲ್ಲ, ಆಮೇಲೆ ವಾರಕ್ಕೊಬ್ಬರು ಬಂದು ನೀವೂ ಮಾಡಿ ಅನ್ನುತ್ತಿದ್ದರು. ಮಾಡಲಿಲ್ಲ. ದೂರದೃಷ್ಟಿ ಏನಲ್ಲ, ನಮಗೆ ಅರ್ಥವಾಗಿರಲಿಲ್ಲ.

ಕೊನೆ ಎರಡು ವರ್ಷ ಏಳೆಂಟರ ಬದಲು ನಾಲ್ಕೇ ಪ್ರದರ್ಶನ. ಒಂದೊಂದೂ ಎರಡು ತಿಂಗಳು. ಕಾಗದದ ಕೆಲಸಗಳು ಬೆಳಕಿಗೆ ಮಾಸಬಾರದು ಅಂತ ದೀಪ 50 ಲಕ್ಸ್‌ಗೆ (ಲಕ್ಸ್ ಅಂದರೆ ಬೆಳಕಿನ ಅಳತೆ) ಇಳಿಸುತ್ತಿದ್ದೆವು, ಬಂದವರು ಮೊದಲು ಕತ್ತಲು ಅಂತ ಗೊಣಗಿ, ಐದು ನಿಮಿಷ ಕೂತು, ಆಮೇಲೆ ಒಂದು ಗಂಟೆ ಇರುತ್ತಿದ್ದರು. ಕಚೇರಿಯ ಅಡ್ಡಗೋಡೆಯನ್ನೂ ತೆಗೆಸಿದೆವು. ಆಶರ್ 1974ರಲ್ಲಿ ಲಾಸ್ ಏಂಜಲೀಸಿನ ಕ್ಲೇರ್ ಕಾಪ್ಲಿ ಗ್ಯಾಲರಿಯಲ್ಲಿ ಹೀಗೇ ಮಾಡಿ ವ್ಯವಹಾರ ನಡೆಯುವ ಮೇಜನ್ನೇ ಪ್ರದರ್ಶನ ಮಾಡಿದ್ದರು. ನಾವು ತೆಗೆಸಿದ್ದು ಗಾಳಿ ಬರಲಿ ಅಂತ. ಆದರೆ ಜನ ಸೀದಾ ಮೇಜಿನ ಹತ್ತಿರ ಬಂದು ಮಾತಾಡಲು ಶುರು ಮಾಡಿದರು. ಫೋನ್ ಮಾಡಿದ್ದ ಆ ಹಿರಿಯ ಕಲಾವಿದೆ 2022ರಲ್ಲಿ ನಮ್ಮಲ್ಲೇ ಮತ್ತೆ ಪ್ರದರ್ಶನ ಮಾಡಿದರು. ಮೊದಲ ಕೃತಿ ಮಾರಾಟವಾದ ಸಂಜೆಯೇ ಫೋನ್ ಮಾಡಿದೆ. "ಇಷ್ಟು ಬೇಗ ಯಾಕಮ್ಮ ಹೇಳ್ತೀಯ" ಅಂತ ನಕ್ಕರು.

ಕೆಂಪು ಇಂಕಿನ ಕಲಾವಿದೆ ಮಾತ್ರ ಈಗ ದೊಡ್ಡ ಗ್ಯಾಲರಿಯೊಂದರ ಜೊತೆ ಇದ್ದಾರೆ. ಬೇಜಾರಾಯಿತು. ತಿಂಗಳು ತಿಂಗಳು ಕಲಾವಿದರ ಖರ್ಚಿಗೆ ಕೊಡುವ ಶಕ್ತಿ ಆ ಗ್ಯಾಲರಿಗಿದೆ, ನಮಗಿಲ್ಲ.

ಲೀಸ್ ಮುಗಿದಾಗ ಬಾಡಿಗೆ ಹತ್ತಿರ ಹತ್ತಿರ ಎರಡರಷ್ಟು ಕೇಳಿದರು. ಮಹಡಿ ಮೇಲಿನ ಒಂದೇ ಕೋಣೆಗೆ ಬಂದಿದ್ದೇವೆ. ಹಳೇ ಜಾಗ ಬಿಡುವಾಗ ಒಪ್ಪಂದದ ಪ್ರಕಾರ ಗೋಡೆ ಮೊದಲಿನಂತೆ ಮಾಡಿಕೊಡಬೇಕಿತ್ತು. ಚಕ್ಕೆ ಬಿದ್ದ ಮೂಲೆಗೆ ಪೇಂಟರ್ ಪುಟ್ಟಿ ಹಾಕಿ ಎರಡು ಕೋಟ್ ಹೊಡೆದರು. ಬೀಗದ ಕೈ ಕೊಡುವ ದಿನ ಮಾಲೀಕರು ಎರಡೂ ಕೋಣೆ ಸುತ್ತಿ ನೋಡಿ, ಬೀರು ಇದ್ದ ಮೂಲೆಯಲ್ಲಿ ಬಗ್ಗಿ ನಿಂತರು.

"ಇದೇನಮ್ಮ, ಗುಲಾಬಿ ಬಣ್ಣ ಬರ್ತಾ ಇದೆ?"

ಗೆಳತಿ ನನ್ನ ಮುಖ ನೋಡಿದಳು. ನಾನು ಪೇಂಟರ್ ಮುಖ ನೋಡಿದೆ.

"ಸೀಲರ್ ಹೊಡೀಬೇಕು ಸಾರ್" ಅಂದರು ಅವರು.