ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಜೋಗಿಮಟ್ಟಿಯ ಛಾಯಾಗ್ರಹಣ

ಚಿತ್ರದುರ್ಗ ಪೇಟೆಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಜೋಗಿಮಟ್ಟಿ ವನ್ಯಜೀವಿ ಧಾಮವು ಛಾಯಾಗ್ರಾಹಕರಿಗೆ ಸುಲಭವಾಗಿ ಒಲಿಯುವ ಕಾಡಲ್ಲ. ಮಲೆನಾಡಿನಲ್ಲಿ ಹಸಿರು, ನೀರು, ಮಂಜು ಮೂರೂ ತಿಂಗಳುಗಟ್ಟಲೆ ಸಿಗುತ್ತವೆ. ಬಯಲುಸೀಮೆಯ ಈ ಎಲೆಯುದುರುವ ಕಾಡಿನಲ್ಲಾದರೋ ಬೇಸಿಗೆಯ ದಿನ ಬೆಳಿಗ್ಗೆ ಒಂಬತ್ತು ಗಂಟೆ ದಾಟಿತೆಂದರೆ ಬಿಸಿಲು ಬಂಡೆಯ ಬಣ್ಣವನ್ನೂ ಎಲೆಯ ಬಣ್ಣವನ್ನೂ ಬಿಳಿಚಿಸಿಬಿಡುತ್ತದೆ. ಇಲ್ಲಿ ಒಂದೇ ಸಲ ಬಂದು, ಇಡೀ ಗುಡ್ಡ ಸುತ್ತಿ, ನೂರಾರು ಚಿತ್ರ ತೆಗೆದುಕೊಂಡು ಹೋಗುವವರಿಗೆ ಕಾಡು ತನ್ನನ್ನು ತೋರಿಸಿಕೊಳ್ಳುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ನಾನು ಒಂದೇ ಇಳಿಜಾರನ್ನು ಆಯ್ದುಕೊಂಡು, ಅನುಮತಿಯಿರುವ ದಾರಿಯಲ್ಲಿಯೇ ವರ್ಷದ ಬೇರೆ ಬೇರೆ ಕಾಲಗಳಲ್ಲಿ ಮತ್ತೆ ಮತ್ತೆ ನಡೆಯುವ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಯಾವಾಗ ಹೋಗಬೇಕೆಂಬುದನ್ನು ರಜಾದಿನಗಳಿಂದಲ್ಲ, ಪಂಚಾಂಗದ ಮಳೆ ನಕ್ಷತ್ರಗಳಿಂದ ಗೊತ್ತುಮಾಡಿಕೊಳ್ಳುತ್ತೇನೆ. ಒಂದೊಂದು ಮಳೆಗೆ 13 ಅಥವಾ 14 ದಿನ. ಈ ಸೀಮೆಯ ರೈತರು ಬಿತ್ತನೆಗೆ ಬಳಸುವ ಈ ಲೆಕ್ಕವೇ ಹುಳು, ಹೂವು, ಮೋಡಗಳ ಲೆಕ್ಕವೂ ಆಗಿದೆ. ನಮ್ಮ ಜಿಲ್ಲೆ ಮಳೆನೆರಳಿನಲ್ಲಿರುವುದರಿಂದ ಜೂನ್, ಜುಲೈ ತಿಂಗಳುಗಳಲ್ಲಿ ಮೋಡವೂ ಗಾಳಿಯೂ ಹೆಚ್ಚು, ಹನಿ ಕಡಿಮೆ. ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಇಷ್ಟು ತಿಳಿದುಕೊಂಡರೆ ಯಾವ ಚಿತ್ರಕ್ಕೆ ಯಾವ ಮಳೆಯನ್ನು ಕಾಯಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೃಗಶಿರಾ ಮಳೆಯನ್ನು ನಾನು ಸಣ್ಣ ಜೀವಿಗಳಿಗೆ ಮೀಸಲಿಡುತ್ತೇನೆ. ನೆಲ ನೆನೆದ ಮರುದಿನ ಬೆಳಿಗ್ಗೆ ಕೆಂಪು ಮಖಮಲ್ಲಿನ ಮೈಯ ಮಿರಗದ ಹುಳ, ಕಾವ್ಯಗಳಲ್ಲಿ ಇಂದ್ರಗೋಪವೆಂದು ಕರೆಸಿಕೊಳ್ಳುವ ಜೀವಿ, ಮಣ್ಣಿನಿಂದ ಮೇಲೆದ್ದು ಓಡಾಡತೊಡಗುತ್ತದೆ. ನಾವು ಹುಳ ಎಂದರೂ ಅದಕ್ಕೆ ಎಂಟು ಕಾಲುಗಳು. ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ್ದು. ಮರಿಯಾಗಿದ್ದಾಗ ಮಿಡತೆಯಂಥ ಕೀಟಗಳ ಮೈಗೆ ಅಂಟಿಕೊಂಡು ಬದುಕುವ ಇದು ಬೆಳೆದ ಮೇಲೆ ಬಹುಕಾಲ ಮಣ್ಣಿನೊಳಗೇ ಇದ್ದು, ಮಳೆ ಬಿದ್ದಾಗ ಕೆಲವೇ ದಿನಗಳ ಮಟ್ಟಿಗೆ ಮೇಲೆ ಬರುತ್ತದೆ. ಮೊದಲ ವರ್ಷ ನನ್ನ ಜೊತೆಗಿದ್ದ ಅರಣ್ಯ ವೀಕ್ಷಕರು, "ಅಲ್ಲೇ ನಿಂತ್ಕಳ್ರಿ ಸಾರ್, ಮುಂದೆ ಹುಳ ಐದಾವೆ" ಎಂದು ತಡೆದಾಗಲೇ ನನಗೆ ಅವು ಕಂಡದ್ದು. ಆಮೇಲೆ ನೋಡಿದರೆ ಇಡೀ ಕಾಲುದಾರಿಯೇ ಕೆಂಪು ಚುಕ್ಕೆಗಳಿಂದ ತುಂಬಿತ್ತು.

ಇದರ ಚಿತ್ರ ತೆಗೆಯುವಾಗ ಮುಖ್ಯವಾದ ತೊಡಕು ಬಣ್ಣದ್ದು. ಕಡುಗೆಂಪು ವಸ್ತುವಿನ ಮೇಲೆ ಕ್ಯಾಮೆರಾದಲ್ಲಿ ಕೆಂಪು ಬೆಳಕನ್ನು ದಾಖಲಿಸುವ ಕೆಂಪು ಚಾನೆಲ್ ಬೇಗನೆ ತುಂಬಿಹೋಗುವುದರಿಂದ ರೋಮಗಳ ನವಿರು ಅಳಿಸಿ, ಚಿತ್ರದಲ್ಲಿ ಬರಿಯ ಕೆಂಪು ಮಚ್ಚೆಯೊಂದು ಉಳಿಯುತ್ತದೆ. ಬೆಳಕಿನ ಹಂಚಿಕೆಯನ್ನು ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ಒಟ್ಟಾರೆ ಸರಿಯಾಗಿ ಕಂಡರೂ ನಂಬದೆ, ಮೂರು ಬಣ್ಣಗಳ ಹಿಸ್ಟೋಗ್ರಾಂ ಬೇರೆ ಬೇರೆಯಾಗಿ ನೋಡಿ, ಸಾಮಾನ್ಯವಾಗಿ ಎಕ್ಸ್‌ಪೋಶರನ್ನು ಮೂರನೇ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ, ಹೆಚ್ಚಿಸಿದರೆ ಇಮ್ಮಡಿಯಾಗುತ್ತದೆ) ತಗ್ಗಿಸುತ್ತೇನೆ ಮತ್ತು ಸಂಸ್ಕರಿಸದ ರಾ ಕಡತದಲ್ಲಿಯೇ ತೆಗೆಯುತ್ತೇನೆ. ದುಬಾರಿ ಮ್ಯಾಕ್ರೋ ಲೆನ್ಸ್ ಇದಕ್ಕೆ ಅನಿವಾರ್ಯವಲ್ಲ. ಅಪರ್ಚರ್ (ಬೆಳಕು ಒಳಹೋಗುವ ಕಿಂಡಿ) ಹೊಂದಿಸುವ ಬಳೆಯಿರುವ ಹಳೆಯ 50 ಮಿ.ಮೀ. ಲೆನ್ಸನ್ನು ರಿವರ್ಸ್ ರಿಂಗ್ ಮೂಲಕ ಹಿಂದುಮುಂದಾಗಿ ತಿರುಗಿಸಿ ಹಾಕಿದರೆ ಹುಳುವಿನ ಕಾಲುಗಳ ಗೆಣ್ಣುಗಳೂ ಕಾಣುವಷ್ಟು ದೊಡ್ಡ ಚಿತ್ರ ಸಿಗುತ್ತದೆ. ಆಗ ಆಟೋಫೋಕಸ್ ಇರುವುದಿಲ್ಲ. ಫೋಕಸ್ ರಿಂಗ್ ತಿರುಗಿಸುವುದರ ಬದಲು ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಫೋಕಸ್ ಹಿಡಿಯಬೇಕು. ಮೊಣಕೈಗಳನ್ನು ನೆಲಕ್ಕೂರಿ ಮಲಗಿದರೆ ಮಾತ್ರ ಇದು ಸಾಧ್ಯ. ಮಲಗುವ ಮುನ್ನ ಆ ಜಾಗದಲ್ಲಿ ಇನ್ನೊಂದು ಹುಳು, ಚೇಳು ಇಲ್ಲವೆಂದು ನೋಡಿಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಇದೇ ತಿಂಗಳುಗಳಲ್ಲಿ ಬಂಡೆಗಳ ಮೇಲೆ ಗಂಡು ಓತಿಕ್ಯಾತಗಳು ಕೆಂಪು, ಕಿತ್ತಳೆ ಬಣ್ಣ ತಳೆದು ಕುಳಿತಿರುತ್ತವೆ. ನೇರವಾಗಿ ನಡೆದು ಹೋದರೆ ಅವು ಬಂಡೆಯ ಬಿರುಕಿಗೆ ಇಳಿಯುತ್ತವೆ. ಬಣ್ಣವೂ ಕ್ಷಣಮಾತ್ರದಲ್ಲಿ ಬದಲಾಗಬಲ್ಲದು. ಓರೆಯಾಗಿ, ಕುಳಿತ ಭಂಗಿಯಲ್ಲಿ ಸ್ವಲ್ಪ ಸ್ವಲ್ಪವೇ ಸರಿದು, ಅದು ತಲೆ ಕುಣಿಸತೊಡಗಿದ ಕೂಡಲೇ ನಿಂತುಬಿಡುತ್ತೇನೆ. ಅದಕ್ಕಿಂತ ಹತ್ತಿರ ಹೋಗುವ ಹಕ್ಕು ನನಗಿಲ್ಲವೆಂದು ಭಾವಿಸುತ್ತೇನೆ.

ಪುನರ್ವಸು, ಪುಷ್ಯ ಮಳೆಗಳ ಮಂಜು ಬೇರೆಯದೇ ಕೆಲಸ ಕೊಡುತ್ತದೆ. ಕ್ಯಾಮೆರಾದ ಮೀಟರು ಎದುರಿಗಿರುವುದೆಲ್ಲವನ್ನೂ ನಡುಬೂದು ಬಣ್ಣವೆಂದು ತಿಳಿದು ಅಳೆಯುವುದರಿಂದ, ಬಿಳಿಯ ಮಂಜು ಚಿತ್ರದಲ್ಲಿ ಹೊಗೆಯ ಬಣ್ಣಕ್ಕೆ ತಿರುಗುತ್ತದೆ. ಒಂದು ಸ್ಟಾಪ್ ಹೆಚ್ಚಿಸಿದರೆ ಮಂಜು ಮಂಜಾಗಿ ಉಳಿಯುತ್ತದೆ. ಆದರೆ ಈ ಕಾಲದಲ್ಲಿ ಗಾಳಿಯ ರಭಸ ಎಷ್ಟೆಂಬುದಕ್ಕೆ ಸುತ್ತಲಿನ ಗುಡ್ಡಸಾಲಿನಲ್ಲಿ ನಿಂತಿರುವ ಗಾಳಿಯಂತ್ರಗಳೇ ಸಾಕ್ಷಿ. ಟ್ರೈಪಾಡಿನ ನಡುಗಂಬವನ್ನು ಎತ್ತದೆ, ಕಾಲುಗಳನ್ನು ಅಗಲಿಸಿ, ಕೆಳಗೆ ಚೀಲವನ್ನು ತೂಗುಹಾಕಿ ನಿಲ್ಲಿಸುತ್ತೇನೆ. ಗಾಳಿಯಂತ್ರಗಳನ್ನು ಚೌಕಟ್ಟಿನಿಂದ ಹೊರಗಿಡಲು ಅನೇಕರು ಬಹಳ ಶ್ರಮಪಡುವುದನ್ನು ಕಂಡಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಅವು ಇಂದಿನ ದುರ್ಗದ ನೋಟದ ಭಾಗವೇ ಆಗಿವೆ. ಅವುಗಳನ್ನು ಬಿಟ್ಟು ತೆಗೆದ ಚಿತ್ರ ಅಂದವಾಗಿರಬಹುದು, ಈ ಊರಿನದಾಗಿರುವುದಿಲ್ಲ.

ಗೌರಿ ಹಬ್ಬದ ಆಸುಪಾಸಿನಲ್ಲಿ, ಅಂದರೆ ಮಘೆ ಮತ್ತು ಹುಬ್ಬೆ ಮಳೆಗಳಲ್ಲಿ, ಪೊದೆಗಳ ನಡುವೆ ಗೌರಿ ಹೂ ಅರಳುತ್ತದೆ. ಹಸಿರು ಹಳದಿಯಾಗಿ ಬಿಚ್ಚಿಕೊಳ್ಳುವ ಎಸಳುಗಳು ದಿನ ಕಳೆದಂತೆ ಕೆಂಪಾಗುವುದರಿಂದ ಒಂದೇ ಬಳ್ಳಿಯಲ್ಲಿ ಎಲ್ಲ ಹಂತಗಳೂ ಒಟ್ಟಿಗೆ ಕಾಣುತ್ತವೆ. ಸಣ್ಣ ವಸ್ತುವನ್ನೂ ವಿಶಾಲ ನೋಟವನ್ನೂ ಒಂದೇ ಚಿತ್ರದಲ್ಲಿ ಕೂಡಿಸುವ ನನ್ನ ಪ್ರಯತ್ನ ಹೆಚ್ಚು ಸಫಲವಾದದ್ದು ಈ ಹೂವಿನಲ್ಲಿಯೇ. ಸಾಮಾನ್ಯ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸಂವೇದಕದ) ಕ್ಯಾಮೆರಾದಲ್ಲಿ 18 ಮಿ.ಮೀ. ಇಟ್ಟು, ಅಪರ್ಚರ್ ಎಫ್/11 ಮಾಡಿ, ಸುಮಾರು ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಹೊಂದಿಸಿದರೆ ಮುಕ್ಕಾಲು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಹೂ ಅಲುಗಾಡುವುದೇ ದೊಡ್ಡ ಕಷ್ಟ. ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು, ನನ್ನ ಮೈಯನ್ನೇ ಅಡ್ಡ ಮಾಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿ ಶಟರ್ ವೇಗವನ್ನು 1/250 ಸೆಕೆಂಡಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತೇನೆ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳಾದ ಚುಕ್ಕೆಗಳು ಕಾಣಿಸಿದರೂ ಚಿಂತೆಯಿಲ್ಲ.

ಉತ್ತರೆ, ಹಸ್ತ, ಚಿತ್ತೆ ಮಳೆಗಳು ಧೂಳನ್ನು ತೊಳೆದಿರುತ್ತವೆ. ಮಳೆ ನಿಂತ ಮರುದಿನ ಗಾಳಿ ತಿಳಿಯಾಗಿದ್ದರೆ ಗುಡ್ಡದ ಮೇಲಿನಿಂದ ದಕ್ಷಿಣಕ್ಕೆ ಮಾರಿಕಣಿವೆಯ ನೀರು ಬೆಳ್ಳಗೆ ಹೊಳೆಯುವುದು ಕಾಣುತ್ತದೆ. 1907ರಲ್ಲಿ ಪೂರ್ಣಗೊಂಡ ಈ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷದ ಚಿತ್ರವನ್ನು ಬರಗಾಲದ ವರ್ಷಗಳ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದಾಗ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದರ ಬೆಲೆ ನನಗೆ ಇನ್ನಷ್ಟು ಮನವರಿಕೆಯಾಯಿತು.

ಬಂಡೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕೋಟೆಯ ಬಂಡೆಗಳು ಗ್ರಾನೈಟಿನವು. ಜೋಗಿಮಟ್ಟಿ ಸಾಲಿನಲ್ಲಿರುವುದು ಹೆಚ್ಚಾಗಿ ಪುರಾತನ ಲಾವಾದಿಂದಾದ, ಹಸಿರುಗಪ್ಪು ಬಣ್ಣದ ಕಲ್ಲು. ಇದನ್ನು ಓದಿ ತಿಳಿದ ಮೇಲೆ ನಾನು ಐಮಂಗಲ ಸಮೀಪದ ಮರಡಿಹಳ್ಳಿಗೂ ಹೋಗತೊಡಗಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಹರಿದ ಲಾವಾ ಥಟ್ಟನೆ ತಣಿದು, ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ನಿಂತಿರುವ ಈ ಜಾಗವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಡುಹಗಲಿನಲ್ಲಿ ಅದು ಬರಿಯ ಕಪ್ಪು ಬಂಡೆ. ಸಂಜೆಯ ಓರೆ ಬಿಸಿಲಿನಲ್ಲಿ ಮಾತ್ರ ಪ್ರತಿ ದಿಂಬಿನ ಅಂಚೂ ಎದ್ದು ಕಾಣುತ್ತದೆ. ಇಲ್ಲಿ ಅಳತೆ ತಿಳಿಯಲೆಂದು ಲೆನ್ಸ್ ಮುಚ್ಚಳವನ್ನು ಪಕ್ಕದಲ್ಲಿಟ್ಟು ಒಂದು ಚಿತ್ರ, ಅದಿಲ್ಲದೆ ಒಂದು ಚಿತ್ರ ತೆಗೆಯುವ ರೂಢಿ ಮಾಡಿಕೊಂಡಿದ್ದೇನೆ.

ಈ ರೂಢಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಬಹಳ ಉಪಯೋಗಕ್ಕೆ ಬಂತು. 2011ರಲ್ಲಿ ಕೊಂಡುಕುರಿ ಧಾಮವೆಂದು ಘೋಷಿತವಾದ ಆ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಈ ಪ್ರಾಣಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕೊಂಬುಗಳಿರುವುದು ಗಂಡಿಗೆ ಮಾತ್ರ. ಅದೂ ಬಹುಮಟ್ಟಿಗೆ ಒಂಟಿಯಾಗಿ, ಹುಲ್ಲಿನ ಮರೆಯಲ್ಲಿ ಬದುಕುತ್ತದೆ. ಆದರೆ ಅದು ಹಿಕ್ಕೆ ಹಾಕಲು ಒಂದೇ ಜಾಗಕ್ಕೆ ಪದೇ ಪದೇ ಬರುತ್ತದೆ. ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗದೆ, ಆ ಹಿಕ್ಕೆಯ ರಾಶಿಯನ್ನೂ ಹಸಿ ಮಣ್ಣಿನ ಗೊರಸಿನ ಗುರುತುಗಳನ್ನೂ ಪಕ್ಕದಲ್ಲಿ ಲೆನ್ಸ್ ಮುಚ್ಚಳವಿಟ್ಟು ಬೆಳಗಿನ ಓರೆ ಬೆಳಕಿನಲ್ಲಿ ತೆಗೆಯುವುದು ನನಗೆ ಹೆಚ್ಚು ತೃಪ್ತಿಯ ಕೆಲಸ. ಪ್ರಾಣಿಗೂ ಅದರಿಂದ ತೊಂದರೆಯಿಲ್ಲ.

ಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಡ್ರೋನ್ ಹಾರಿಸುವಂತಿಲ್ಲ, ಗರಿ, ಗೂಡು ಯಾವುದನ್ನೂ ತರುವಂತಿಲ್ಲ. ಚಿತ್ರ ಚೆನ್ನಾಗಿ ಬರಲೆಂದು ಮಿರಗದ ಹುಳವನ್ನು ಹಿಡಿದು ಎಲೆಯ ಮೇಲಿಡುವುದೂ ನನಗೆ ಒಪ್ಪಿಗೆಯಿಲ್ಲ. ಮನೆಗೆ ಬಂದ ದಿನವೇ ಪ್ರತಿ ಕಡತಕ್ಕೂ ಮಳೆಯ ಹೆಸರು, ಹೊತ್ತು, ಇಳಿಜಾರಿನ ದಿಕ್ಕು ಸೇರಿಸಿ ಬರೆದಿಡುತ್ತೇನೆ. ಗುರುತು ಸಿಗದ ಜೀವಿಗಳನ್ನು ಜೀವಿಗಳ ಚಿತ್ರ ಹಂಚಿಕೊಳ್ಳುವ ಅಂತರ್ಜಾಲ ತಾಣವಾದ ಐನ್ಯಾಚುರಲಿಸ್ಟ್‌ಗೆ ಏರಿಸಿದರೆ ತಿಳಿದವರು ಹೆಸರಿಸಿ ನೆರವಾಗುತ್ತಾರೆ. ಅಳಿವಿನಂಚಿನ ಜೀವಿಗಳ ನಿಖರ ಜಾಗವನ್ನು ಆ ತಾಣವೇ ಮಸುಕು ಮಾಡುತ್ತದೆ. ಉಳಿದವುಗಳಲ್ಲಿಯೂ ಕಳ್ಳಸಾಗಣೆಗೆ ಗುರಿಯಾಗಬಹುದಾದ ಜೀವಿಯೆನಿಸಿದರೆ ಜಾಗವನ್ನು ಮರೆಮಾಡುವ ಆಯ್ಕೆಯನ್ನು ನಾನೇ ಒತ್ತಿ, ಆಮೇಲೆ ಚಿತ್ರ ಏರಿಸುತ್ತೇನೆ.